ಟೂಸಾನ್‌ನಲ್ಲಿ ಆಡಿ ಹೋದೋರು

ಅಮೆರಿಕಾದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ನನಗೊಬ್ಬ ಗೆಳೆಯ ಇದಾನೆ, ಹಾಸನದ ಕಡೆಯೋನು. ಸಿಕ್ಕಾಗೆಲ್ಲ ಮಾತು ಹೇಗೋ ಸ್ಪೋರ್ಟ್ಸ್ ಕಡೆ ತಿರುಗತ್ತೆ, ತಿರುಗಿದ ತಕ್ಷಣ ಅವನು ಹೇಳೋದು ಒಂದೇ ಮಾತು: "ನಿಮ್ಮೂರಲ್ಲಿ ಯಾವ ಟೀಮೂ ಉಳಿಯಲ್ಲ ಗುರು. ಜನ ಬರಲ್ಲ, ಅದಕ್ಕೇ ಎಲ್ಲ ಬಿಟ್ಟೋಗ್ತಾರೆ." ಅವನೊಬ್ಬನೇ ಅಲ್ಲ, ನಾನಿರೋ ಟೂಸಾನ್ ಬಗ್ಗೆ ಅರಿಜೋನಾದಲ್ಲಿ ಬಹಳ ಜನ ಹೀಗೇ ಮಾತಾಡ್ತಾರೆ, ಟೂಸಾನ್‌ನೋರೂ ಮಾತಾಡ್ತಾರೆ. ಕೇಳಿದಾಗೆಲ್ಲ ನನಗೆ ಒಳಗೆ ಏನೋ ಚುಚ್ಚತ್ತೆ. ಟೀಮುಗಳು, ಅದರಲ್ಲೂ ಬೇಸ್‌ಬಾಲ್ ಟೀಮುಗಳು, ಹೋಗಿದ್ದು ನಿಜ, ಒಂದರ ಹಿಂದೆ ಒಂದು ಹೋದ್ವು, ಅದರಲ್ಲಿ ಎರಡು ಹೋಗಿದ್ದನ್ನ ನಾನೇ ಸ್ಟೇಡಿಯಂನಲ್ಲಿ ಕೂತು ನೋಡಿದೀನಿ. ಆದ್ರೆ ಊರಿನ ಜನಕ್ಕೆ ಬೇಡವಾಗಿತ್ತು ಅದಕ್ಕೇ ಹೋದ್ರು ಅನ್ನೋದಿದ್ಯಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಅದನ್ನ ಒಮ್ಮೆ ಕೂತು ಸರಿಯಾಗಿ ಬರೀಬೇಕು ಅಂತ ತುಂಬ ದಿನದಿಂದ ಇತ್ತು.

ಊರು ಹೇಗಿದೆ ಅಂತ ಸ್ವಲ್ಪ ಹೇಳ್ಬೇಕು. ಮೆಕ್ಸಿಕೋ ಗಡಿಯಿಂದ ಕಾರಲ್ಲಿ ಒಂದು ಗಂಟೆ ಮೇಲೆ, ಸೊನೋರನ್ ಮರುಭೂಮಿ ಮಧ್ಯೆ, ನಾಲ್ಕೂ ಕಡೆ ಬೆಟ್ಟ. ಊರೊಳಗೆ ಸುಮಾರು 5.4 ಲಕ್ಷ ಜನ, ಸುತ್ತಮುತ್ತ ಸೇರಿಸಿದ್ರೆ 10 ಲಕ್ಷ ದಾಟತ್ತೆ. ಅಂದ್ರೆ ಮೇಜರ್ ಲೀಗ್ ಟೀಮ್ ಬರೋಷ್ಟು ದೊಡ್ಡದಲ್ಲ, ಏನೂ ಇಲ್ದೆ ಸುಮ್ನಿರೋಷ್ಟು ಚಿಕ್ಕದೂ ಅಲ್ಲ. ಇಂಥ ಊರುಗಳಿಗೆ ಅಮೆರಿಕಾದಲ್ಲಿ ಸಿಗೋದು ಮೈನರ್ ಲೀಗ್, ಅಂದ್ರೆ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗಿನ ಕ್ಲಬ್ಬುಗಳಿಗೆ ಆಟಗಾರರನ್ನ ತಯಾರು ಮಾಡೋ ಕೆಳಗಿನ ಲೀಗು. ಆಟಗಾರರಿಗೆ, ಕೋಚುಗಳಿಗೆ ಸಂಬಳ ಕೊಡೋದು ಮೇಲಿನ ದೊಡ್ಡ ಕ್ಲಬ್ಬು, ಯಾರು ಇಲ್ಲಿ ಆಡ್ಬೇಕು ಯಾರು ಮೇಲೆ ಹೋಗ್ಬೇಕು ಅಂತ ತೀರ್ಮಾನ ಮಾಡೋದೂ ಅವರೇ. ಲೋಕಲ್ ಓನರ್ ಟಿಕೆಟ್ ಮಾರ್ತಾನೆ, ಬಿಯರ್ ಮಾರ್ತಾನೆ, ಫ್ಲಡ್ ಲೈಟಿನ ಕರೆಂಟ್ ಬಿಲ್ ಕಟ್ತಾನೆ. ಊರಿನ ಜನಕ್ಕೆ ಇರೋದು ಕೂತು ನೋಡೋ ಹಕ್ಕು ಮಾತ್ರ. ನಮ್ಮ ಟೀಮು ಅಂತ ಕೂಗ್ತೀವಿ, ಕಾಗದದ ಮೇಲೆ ಅದರಲ್ಲಿ ನಮ್ಮದು ಅನ್ನೋದು ಹೆಸರಿನ ಮೊದಲ ಅರ್ಧ ಅಷ್ಟೇ.

ನಾನು ಬಳ್ಳಾರಿಯೋನು. 2007ರ ಆಗಸ್ಟ್‌ನಲ್ಲಿ ಯೂನಿವರ್ಸಿಟಿ ಆಫ್ ಅರಿಜೋನಾಕ್ಕೆ ಎಂಎಸ್ ಮಾಡೋಕೆ ಬಂದೆ. ಬಂದಾಗ ಬೇಸ್‌ಬಾಲ್‌ನ ಗಂಧಗಾಳಿ ಇರಲಿಲ್ಲ. ಬಿಸಿಲು ಮಾತ್ರ ಗೊತ್ತಿದ್ದ ಬಿಸಿಲೇ.

ಪುಸ್ತಕದ ಮೇಲೆ ಊರಿನ ಹೆಸರು

2008ರ ಬೇಸಿಗೆಯಲ್ಲಿ ಲ್ಯಾಬಿನ ಸೀನಿಯರ್ ಒಬ್ರು ನಮ್ಮನ್ನೆಲ್ಲ ಟೂಸಾನ್ ಸೈಡ್‌ವೈಂಡರ್ಸ್ ಅನ್ನೋ ಬೇಸ್‌ಬಾಲ್ ಟೀಮಿನ ಮ್ಯಾಚಿಗೆ ಕರ್ಕೊಂಡ್ ಹೋದ್ರು. ಆಗ ಆ ಸ್ಟೇಡಿಯಂಗೆ ಟೂಸಾನ್ ಎಲೆಕ್ಟ್ರಿಕ್ ಪಾರ್ಕ್ ಅಂತ ಹೆಸರು, ಈಗ ಕಿನೊ ವೆಟರನ್ಸ್ ಮೆಮೋರಿಯಲ್ ಸ್ಟೇಡಿಯಂ. ಊರಿನ ದಕ್ಷಿಣಕ್ಕೆ, ಹೈವೇ ಪಕ್ಕ, 1998ರಲ್ಲಿ ಕೌಂಟಿಯೋರು (ನಮ್ಮ ಜಿಲ್ಲಾಡಳಿತದ ಥರ) ಕಟ್ಟಿಸಿದ್ದು, 11,000 ಜನ ಕೂರಬಹುದು. ಅವತ್ತು ಅದರ ಕಾಲು ಭಾಗವೂ ತುಂಬಿರಲಿಲ್ಲ ಅನ್ಸತ್ತೆ. ಸಾಯಂಕಾಲ ಏಳು ಗಂಟೆ ಆದ್ರೂ ಸೀಟು ಬಿಸಿ, ಪ್ಲಾಸ್ಟಿಕ್ ಸೀಟಿನ ಬಿಸಿ ಪ್ಯಾಂಟ್ ದಾಟಿ ತೊಡೆಗೆ ತಾಗ್ತಿತ್ತು. ಸಿಪ್ಪೆ ಇರೋ ಹುರಿದ ಕಡಲೇಕಾಯಿ ಪ್ಯಾಕೆಟ್ ಸಿಕ್ತು, ಸಿಪ್ಪೆನ ಅಲ್ಲೇ ಕಾಲಡಿ ಹಾಕ್ಬಹುದು ಅಂತ ಗೊತ್ತಾದಾಗ ಈ ಆಟ ನನಗೆ ಹಿಡಿಸತ್ತೆ ಅನ್ನಿಸ್ತು.

ನನ್ನ ಪಕ್ಕದಲ್ಲಿ ಒಬ್ರು ವಯಸ್ಸಾದೋರು ಕೂತಿದ್ರು, ತೊಡೆ ಮೇಲೆ ಉದ್ದನೆಯ ಸ್ಕೋರ್‌ಬುಕ್ಕು, ಕಿವಿ ಹಿಂದೆ ಪೆನ್ಸಿಲ್. ಪ್ರತಿ ಬಾಲ್ ಆದ್ಮೇಲೂ ಒಂದು ಚಿಕ್ಕ ಗುರುತು ಹಾಕೋರು. ನಾನು ಇಣುಕಿ ಇಣುಕಿ ನೋಡ್ತಿದ್ದೆ, ಎರಡು ಇನ್ನಿಂಗ್ಸ್ ಆದ್ಮೇಲೆ ಅವರೇ ಪುಸ್ತಕ ನನ್ನ ಕಡೆ ಸರಿಸಿ ಹೇಳಿಕೊಡೋಕೆ ಶುರು ಮಾಡಿದ್ರು. ಕೆ ಅಂದ್ರೆ ಸ್ಟ್ರೈಕ್ ಔಟ್, ಸುಮ್ನೆ ನಿಂತು ನೋಡ್ತಾ ಔಟ್ ಆದ್ರೆ ಅದೇ ಕೆ ಉಲ್ಟಾ, ಶಾರ್ಟ್ ಸ್ಟಾಪ್‌ಗೆ ಆರನೇ ನಂಬರು, ಹೀಗೆ. ಟೂಸಾನ್ ದಕ್ಷಿಣಕ್ಕಿರೋ ತಾಮ್ರದ ಗಣಿಲಿ ಕೆಲಸ ಮಾಡಿ ರಿಟೈರ್ ಆದೋರಂತೆ. ನಮ್ಮೂರಲ್ಲೂ ಗಣಿ ಇದೆ, ಕಬ್ಬಿಣದ ಅದಿರು, ಲಾರಿ ಓಡಾಡಿ ರಸ್ತೆ ಪಕ್ಕದ ಗಿಡಗಳೆಲ್ಲ ಕೆಂಪು ಅಂತ ಹೇಳಿದೆ. ಅವರು ಆಟ ಬಿಟ್ಟು ನನ್ನ ಮುಖ ನೋಡಿ, ಧೂಳು ಯಾವ ಕಡೆಗೆ ಬೀಸತ್ತೆ, ಮನೆಗಳ ಕಡೆಗಾ, ಅಂತ ಕೇಳಿದ್ರು. ಗಣಿಲಿ ಕೆಲಸ ಮಾಡಿದೋರು ಮಾತ್ರ ಕೇಳೋ ಪ್ರಶ್ನೆ ಅದು.

ಅವರ ಚೀಲದಲ್ಲಿ ಹಳೇ ವರ್ಷದ ಪುಸ್ತಕಗಳೂ ಇದ್ವು. ಯಾವುದರ ಮೇಲೂ ಟೀಮಿನ ಹೆಸರಿಲ್ಲ. "ಟೂಸಾನ್, 1991", "ಟೂಸಾನ್, 2006", ಅಷ್ಟೇ. ಯಾಕೆ ಅಂತ ಕೇಳಿದ್ದಕ್ಕೆ, ಹೆಸರನ್ನ ಅವರು ಬದಲಾಯಿಸ್ತಾನೇ ಇರ್ತಾರೆ, ನಾನು ಬರ್ತಿರೋದು ಅದಕ್ಕಲ್ಲ ಅಂದ್ರು.

ಆ ವರ್ಷಗಳ ಅರ್ಥ ಆಮೇಲೆ ನಿಧಾನವಾಗಿ ಗೊತ್ತಾಯ್ತು. 1969ರಿಂದ ಊರಲ್ಲಿ ಟೂಸಾನ್ ಟೋರೋಸ್ ಅಂತ ಟ್ರಿಪಲ್-ಎ ಟೀಮ್ ಇತ್ತು, ಅಂದ್ರೆ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ. 1991ರಲ್ಲಿ ತಾವು ಆಡ್ತಿದ್ದ ಪೆಸಿಫಿಕ್ ಕೋಸ್ಟ್ ಲೀಗ್ ಗೆದ್ರು, 1993ರಲ್ಲಿ ಮತ್ತೆ ಗೆದ್ರು. 1991ರ ಟೀಮಲ್ಲಿ ಕೆನ್ನಿ ಲಾಫ್ಟನ್ ಇದ್ದ, ಅದಕ್ಕೂ ಮೊದಲು ಇದೇ ಊರಿನ ಯೂನಿವರ್ಸಿಟಿಗೆ ಬ್ಯಾಸ್ಕೆಟ್‌ಬಾಲ್ ಆಡಿ 1988ರಲ್ಲಿ ಫೈನಲ್ ಫೋರ್‌ವರೆಗೂ, ಅಂದ್ರೆ ಇಡೀ ದೇಶದ ಕಾಲೇಜುಗಳ ಸೆಮಿಫೈನಲ್‌ವರೆಗೂ, ಹೋದ ಟೀಮಲ್ಲಿ ಇದ್ದೋನು, ಆಮೇಲೆ ಮೇಜರ್ ಲೀಗ್‌ನಲ್ಲಿ ದೊಡ್ಡ ಹೆಸರು ಮಾಡಿದ. ಅವನನ್ನ ಎರಡು ಆಟದಲ್ಲೂ ನಮ್ಮೋನು ಅಂತ ನೋಡಿದ ಜನ ಇಲ್ಲಿ ಈಗಲೂ ಇದಾರೆ, ಕೇಳಿದ್ರೆ ಕಣ್ಣರಳಿಸಿ ಹೇಳ್ತಾರೆ.

ಆಮೇಲೆ 1998. ಹೊರಗಿನಿಂದ ನೋಡಿದ್ರೆ ಆಗಿದ್ದಿಷ್ಟು: ಟೋರೋಸ್ ಹೆಸರು ಹೋಗಿ ಸೈಡ್‌ವೈಂಡರ್ಸ್ ಆಯ್ತು, ಹೊಸ ಸ್ಟೇಡಿಯಂ ಬಂತು. ನಿಜವಾಗಿ ಆಗಿದ್ದೇ ಬೇರೆ. ಆ ವರ್ಷ ಫೀನಿಕ್ಸ್‌ಗೆ ಮೇಜರ್ ಲೀಗ್ ಟೀಮ್ ಬಂತು, ಡೈಮಂಡ್‌ಬ್ಯಾಕ್ಸ್. ಅದು ಬಂದಿದ್ರಿಂದ ಅಲ್ಲಿದ್ದ ಮೈನರ್ ಲೀಗ್ ಟೀಮಿಗೆ, ಫೀನಿಕ್ಸ್ ಫೈರ್‌ಬರ್ಡ್ಸ್‌ಗೆ, ಜಾಗ ಇಲ್ದಂಗಾಯ್ತು. ಆ ಫ್ರಾಂಚೈಸಿ ಟೂಸಾನ್‌ಗೆ ಬಂದು ಸೈಡ್‌ವೈಂಡರ್ಸ್ ಆಯ್ತು, ನಮ್ಮ ಟೋರೋಸ್ ಫ್ರಾಂಚೈಸಿ ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಹೋಯ್ತು. ಅಂದ್ರೆ ಊರಿನೋರು ಟೀಮ್ ಹೆಸರು ಬದಲಾಯ್ತು ಅಂದ್ಕೊಂಡಿರೋವಾಗ ಕಾಗದದ ಮೇಲೆ ಇಡೀ ಟೀಮೇ ಅದಲುಬದಲಾಗಿತ್ತು. ಇದನ್ನ ಕೇಳಿದ ದಿನ ನನಗೆ ಬಹಳ ಹೊತ್ತು ಬೇರೆ ಏನೂ ಯೋಚನೆ ಬರಲಿಲ್ಲ. ಮೂರು ದಶಕ ಕೂತು ನೋಡಿದ ಜನ, ಅವರನ್ನ ಯಾರೂ ಒಂದು ಮಾತೂ ಕೇಳ್ಲಿಲ್ಲ.

2006ರಲ್ಲಿ ಸೈಡ್‌ವೈಂಡರ್ಸ್ ಲೀಗೂ ಗೆದ್ರು, ಲೀಗ್ ಗೆದ್ದೋರ ನಡುವೆ ನಡೆಯೋ ಟ್ರಿಪಲ್-ಎ ಫೈನಲ್ ಪಂದ್ಯವನ್ನೂ ಟೊಲೀಡೋ ಮೇಲೆ ಗೆದ್ರು. ಇಡೀ ದೇಶದ ಟ್ರಿಪಲ್-ಎ ಚಾಂಪಿಯನ್. ಎರಡೇ ವರ್ಷ ಆದ್ಮೇಲೆ, 2008ರ ಸೀಸನ್ ಮುಗಿದ ಕೂಡ್ಲೆ ಟೀಮು ನೆವಾಡಾದ ರೀನೋಗೆ ಹೋಯ್ತು. ನಾನು ನೋಡಿದ್ದು ಅದರ ಕೊನೇ ಬೇಸಿಗೆ.

ತಪ್ಪು ತಿಂಗಳು, ತಪ್ಪು ಜಾಗ

ಜನ ಬರ್ತಿರಲಿಲ್ಲ ಅನ್ನೋದನ್ನ ನಾನು ಅಲ್ಲಗಳೆಯಲ್ಲ. ಕಮ್ಮಿನೇ ಬರ್ತಿದ್ರು. ಆದ್ರೆ ಯಾಕೆ ಅಂತ ನೋಡಬೇಕಲ್ವಾ. ಟ್ರಿಪಲ್-ಎ ಸೀಸನ್ ಆಗ ಏಪ್ರಿಲ್ ಮೊದಲ ವಾರ ಶುರುವಾಗಿ ಸೆಪ್ಟೆಂಬರ್ ಶುರುವಿನಲ್ಲಿ ಮುಗೀತಿತ್ತು. ಟೂಸಾನ್‌ನಲ್ಲಿ ಬದುಕಿದೋರಿಗೆ ಈ ತಿಂಗಳುಗಳು ಅಂದ್ರೆ ಏನು ಅಂತ ಗೊತ್ತು. ಚಳಿಗಾಲ ಕಳೆಯೋಕೆ ಉತ್ತರದ ರಾಜ್ಯಗಳಿಂದ ಬಂದಿರೋ ಹಿರಿಯರು ಏಪ್ರಿಲ್‌ನಲ್ಲಿ ಗಾಡಿ ಕಟ್ತಾರೆ. ಮೇ ಮಧ್ಯಕ್ಕೆ ಯೂನಿವರ್ಸಿಟಿ ಖಾಲಿ, ಹತ್ತಾರು ಸಾವಿರ ಹುಡುಗರು ಒಟ್ಟಿಗೆ ಮಾಯ. ಜೂನ್‌ನಲ್ಲಿ 40 ಡಿಗ್ರಿ ಮಾಮೂಲು. ಜುಲೈ ಬಂತಂದ್ರೆ ಮಾನ್ಸೂನ್, ಹೌದು ಇಲ್ಲಿ ಮಾನ್ಸೂನ್ ಅಂತಲೇ ಅಂತಾರೆ, ಮಧ್ಯಾಹ್ನದವರೆಗೂ ಉರಿ ಬಿಸಿಲು, ಸಾಯಂಕಾಲ ಸರಿಯಾಗಿ ಮ್ಯಾಚ್ ಶುರುವಾಗೋ ಹೊತ್ತಿಗೆ ಬೆಟ್ಟದ ಕಡೆಯಿಂದ ಕಪ್ಪಗೆ ಮೋಡ ಎದ್ದು ಮೊದಲು ಧೂಳು, ಆಮೇಲೆ ಸಿಡಿಲು, ಆಮೇಲೆ ಅರ್ಧ ಗಂಟೆ ಹೊಡೆಯೋ ಮಳೆ. ಊರಲ್ಲಿ ಜನ ಕಮ್ಮಿ ಇರೋ, ಇರೋರು ಮನೆಯಿಂದ ಹೊರಗೆ ಬರೋಕೆ ಹೆದರೋ ಐದು ತಿಂಗಳನ್ನೇ ಆರಿಸಿ ಅಲ್ಲಿ 70ಕ್ಕೂ ಹೆಚ್ಚು ಮ್ಯಾಚ್ ಇಟ್ಟು, ಆಮೇಲೆ ಜನ ಬರಲ್ಲ ಅಂದ್ರೆ?

ಜಾಗವೂ ಹಾಗೇ. ಟೋರೋಸ್ ಆಡ್ತಿದ್ದದ್ದು ಹೈ ಕಾರ್ಬೆಟ್ ಫೀಲ್ಡ್‌ನಲ್ಲಿ, ಊರ ಮಧ್ಯೆ, ರೀಡ್ ಪಾರ್ಕ್ ಒಳಗೆ. ಸುತ್ತ ಹಳೇ ಮನೆಗಳು, ಪಕ್ಕದಲ್ಲೇ ಜೂ, ದೊಡ್ಡ ದೊಡ್ಡ ಮರ. ಕ್ಲೀವ್‌ಲ್ಯಾಂಡ್‌ನ ಮೇಜರ್ ಲೀಗ್ ಟೀಮು 1947ರಿಂದ 1992ರವರೆಗೂ ಪ್ರತಿ ವಸಂತಕ್ಕೆ ಪ್ರಾಕ್ಟೀಸಿಗೆ ಬರ್ತಿದ್ದ ಮೈದಾನ ಅದು. (ಅದಕ್ಕೂ ಒಂದು ಕಹಿ ಇತಿಹಾಸ ಇದೆ. ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ಮೊದಲ ಕಪ್ಪು ಆಟಗಾರ, ಕ್ಲೀವ್‌ಲ್ಯಾಂಡ್‌ನ ಲ್ಯಾರಿ ಡೋಬಿ ಇಲ್ಲಿಗೆ ಬಂದಾಗ ಟೀಮಿನ ಉಳಿದೋರೆಲ್ಲ ಉಳ್ಕೊಂಡಿದ್ದ ಸಾಂಟಾ ರೀಟಾ ಹೋಟೆಲ್‌ನಲ್ಲಿ ಅವರಿಗೆ ರೂಮ್ ಕೊಡ್ಲಿಲ್ಲ, ಊರಿನ ಒಂದು ಕಪ್ಪು ಕುಟುಂಬದೋರು ತಮ್ಮ ಮನೆಲಿ ಇರಿಸ್ಕೊಂಡ್ರು. ಹೈ ಕಾರ್ಬೆಟ್ ಬಗ್ಗೆ ಪ್ರೀತಿಯಿಂದ ಬರೆಯೋವಾಗ ಇದನ್ನ ಬಿಟ್ಟು ಬರೆಯೋಕೆ ನನಗೆ ಮನಸಾಗಲ್ಲ.) ಆ ಮೈದಾನ ಬಿಟ್ಟು ಹೈವೇ ಪಕ್ಕಕ್ಕೆ ಹೋದ್ಮೇಲೆ ಸಾಯಂಕಾಲ ವಾಕಿಂಗ್ ಬಂದೋರು ಹಾಗೇ ಒಳಗೆ ನುಗ್ಗೋದೆಲ್ಲ ನಿಂತ್ಹೋಯ್ತು. ಬಹಳಷ್ಟು ಜನ ಇರೋದು ಊರಿನ ಪೂರ್ವಕ್ಕೆ, ಉತ್ತರಕ್ಕೆ. ಟೂಸಾನ್ ಒಳಗೆ ಸರಿಯಾದ ಅಡ್ಡ ಹೈವೇ ಇಲ್ಲ, ಸಿಗ್ನಲ್ ದಾಟಿ ಸಿಗ್ನಲ್ ದಾಟಿ ಬರ್ಬೇಕು. ಹೊಸ ಸ್ಟೇಡಿಯಂ ಕಟ್ಟಿದ್ದು ಮುಖ್ಯವಾಗಿ ಮಾರ್ಚ್‌ನಲ್ಲಿ ಸ್ಪ್ರಿಂಗ್ ಟ್ರೈನಿಂಗಿಗೆ, ಅಂದ್ರೆ ಸೀಸನ್ ಮುಂಚಿನ ಪ್ರಾಕ್ಟೀಸಿಗೆ, ಬರೋ ಮೇಜರ್ ಲೀಗ್ ಟೀಮುಗಳಿಗೆ, ಡೈಮಂಡ್‌ಬ್ಯಾಕ್ಸ್‌ಗೆ, ಶಿಕಾಗೋದ ವೈಟ್ ಸಾಕ್ಸ್‌ಗೆ. ಅವರೂ ನಿಲ್ಲಲಿಲ್ಲ, 2008ರ ನಂತರ ವೈಟ್ ಸಾಕ್ಸ್, 2010ರ ನಂತರ ಡೈಮಂಡ್‌ಬ್ಯಾಕ್ಸ್, ಹೈ ಕಾರ್ಬೆಟ್‌ನಲ್ಲಿದ್ದ ಕೊಲೊರಾಡೋ ರಾಕೀಸ್ ಕೂಡ ಅದೇ ವರ್ಷ, ಎಲ್ಲ ಫೀನಿಕ್ಸ್ ಸುತ್ತಮುತ್ತ ಹೋದ್ರು. ಅಲ್ಲಿ ಎಲ್ಲ ಟೀಮುಗಳೂ ಹತ್ತಿರ ಹತ್ತಿರ ಇರೋದ್ರಿಂದ ಬಸ್ಸಲ್ಲಿ ಇಷ್ಟು ದೂರ ಬರೋದು ಬೇಡ ಅನ್ನೋದು ಅವರ ಲೆಕ್ಕ. ಲೆಕ್ಕ ಸರಿ ಇರಬಹುದು.

ಇನ್ನೊಂದು, ಊರಿನ ಹೃದಯ ಮೊದಲೇ ಬೇರೆಯೋರಿಗೆ ಕೊಟ್ಟಾಗಿದೆ. ಯೂನಿವರ್ಸಿಟಿ ಟೀಮಾದ ವೈಲ್ಡ್‌ಕ್ಯಾಟ್ಸ್‌ನ ಬ್ಯಾಸ್ಕೆಟ್‌ಬಾಲ್ ಇರೋ ರಾತ್ರಿ ಇಲ್ಲಿ ಅಂಗಡಿಲಿ ಸಾಲೇ ಇರಲ್ಲ. 1997ರಲ್ಲಿ ಅವರು ದೇಶದ ಕಾಲೇಜು ಚಾಂಪಿಯನ್ ಆದ ಕಥೆ ನಾನು ಇಲ್ಲಿ ಇಲ್ಲದಿದ್ರೂ ನೋಡಿದಂಗೆ ಹೇಳಬಲ್ಲೆ, ಅಷ್ಟು ಸಲ ಕೇಳಿದೀನಿ. 2012ರಲ್ಲಿ ಯೂನಿವರ್ಸಿಟಿ ಬೇಸ್‌ಬಾಲ್ ಟೀಮು ಹೈ ಕಾರ್ಬೆಟ್‌ಗೆ ಬಂತು, ಬಂದ ವರ್ಷವೇ ಕಾಲೇಜ್ ವರ್ಲ್ಡ್ ಸೀರೀಸ್, ಅಂದ್ರೆ ಕಾಲೇಜು ಬೇಸ್‌ಬಾಲಿನ ರಾಷ್ಟ್ರೀಯ ಕಪ್ಪು, ಗೆದ್ದುಬಿಡ್ತು. ಅದೇ ಮೈದಾನ, ಅದೇ ಊರು, ಆದ್ರೆ ಫೆಬ್ರವರಿಯಿಂದ ಮೇ ತನಕ ಆಟ. ಜನ ಬಂದ್ರು! ಊರಲ್ಲಿ ಬೇಸ್‌ಬಾಲ್ ನೋಡೋರು ಇಲ್ಲ ಅನ್ನೋರಿಗೆ ನಾನು ಮೊದಲು ಹೇಳೋದು ಇದನ್ನೇ.

ಬೇರೆ ಊರುಗಳಲ್ಲಿ ಆದ ತೀರ್ಮಾನಗಳು

ನನಗೆ ಎಲ್ಲಕ್ಕಿಂತ ಹತ್ತಿರವಾಗಿದ್ದ ಟೀಮು ಟೂಸಾನ್ ಪಾಡ್ರೇಸ್. 2011ರಿಂದ 2013, ಮೂರೇ ವರ್ಷ. ಅದರ ಕಥೆನ ನಿಧಾನವಾಗಿ ಹೇಳಬೇಕು ಯಾಕಂದ್ರೆ ನನ್ನ ವಾದ ಎಲ್ಲ ಅದರೊಳಗೇ ಇದೆ.

ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಬೀವರ್ಸ್ ಅಂತ ಹಳೇ ಬೇಸ್‌ಬಾಲ್ ಟೀಮಿತ್ತು. ಅಲ್ಲಿ ಫುಟ್ಬಾಲ್ ಟೀಮಿಗೆ ಮೇಜರ್ ಲೀಗ್ ಸಾಕರ್ ಸ್ಥಾನ ಸಿಕ್ತು, ಸ್ಟೇಡಿಯಂನ ಬರೀ ಫುಟ್ಬಾಲಿಗೆ ಮಾಡಿದ್ರು, ಬೇಸ್‌ಬಾಲ್ ಬೀದಿಗೆ ಬಿತ್ತು. ಆ ಟೀಮನ್ನ ಸ್ಯಾನ್ ಡಿಯೇಗೋ ಪಾಡ್ರೇಸ್‌ನ ಆಗಿನ ಮುಖ್ಯಸ್ಥ ಜೆಫ್ ಮೂರಾಡ್ ಅವರ ಗುಂಪು ತಗೊಂಡ್ತು. ಅವರಿಗೆ ಬೇಕಿದ್ದದ್ದು ಟೂಸಾನ್ ಅಲ್ಲ. ಸ್ಯಾನ್ ಡಿಯೇಗೋ ಪಕ್ಕದ ಎಸ್ಕಾಂಡಿಡೋ ಅನ್ನೋ ಊರಲ್ಲಿ ಹೊಸ ಸ್ಟೇಡಿಯಂ ಕಟ್ಟಿಸಿ ಅಲ್ಲಿ ಇಡೋದು ಅವರ ಯೋಜನೆ, ಅಲ್ಲಿವರೆಗೆ ಎಲ್ಲಾದ್ರೂ ಇರ್ಬೇಕಲ್ಲ, ಟೂಸಾನ್‌ನಲ್ಲಿ ದೊಡ್ಡ ಸ್ಟೇಡಿಯಂ ಖಾಲಿ ಬಿದ್ದಿತ್ತು. ಬಂದ ದಿನವೇ ಎಲ್ಲರಿಗೂ ಗೊತ್ತು ಇವರು ಒಂದೆರಡು ವರ್ಷದೋರು ಅಂತ. ಆಗ ಊರಲ್ಲಿ ಇನ್ನೊಂದು ಟೀಮೂ ಇತ್ತು, ಟೋರೋಸ್ ಅನ್ನೋ ಹಳೇ ಹೆಸರನ್ನೇ ಮತ್ತೆ ತಂದು 2009ರಲ್ಲಿ ಹೈ ಕಾರ್ಬೆಟ್‌ನಲ್ಲಿ ಶುರುವಾಗಿದ್ದ, ಯಾವ ಮೇಜರ್ ಲೀಗ್ ಕ್ಲಬ್ಬಿಗೂ ಸೇರದ ಸ್ವತಂತ್ರ ಟೀಮು. ಇವರು ಬರ್ತಾರೆ ಅಂತ ಅದು ನಿಂತ್ಹೋಯ್ತು. ನೆಂಟರಿಗೋಸ್ಕರ ಮನೆಯೋರನ್ನ ಎಬ್ಬಿಸಿದ ಹಾಗಾಯ್ತು ಅದು.

ಆದ್ರೂ 2011ರ ಬೇಸಿಗೆ ನನಗೆ ಮರೆಯೋಕಾಗಲ್ಲ. ಆಂಥನಿ ರಿಜ್ಜೋ ಅಂತ 21 ವರ್ಷದ ಹುಡುಗ ಫಸ್ಟ್ ಬೇಸ್ ಆಡ್ತಿದ್ದ. ಅವನು 18ನೇ ವಯಸ್ಸಿಗೆ ಲಿಂಫೋಮಾ ಕ್ಯಾನ್ಸರ್ ದಾಟಿ ಬಂದೋನು ಅಂತ ಸ್ಟ್ಯಾಂಡಲ್ಲಿ ಎಲ್ಲರಿಗೂ ಗೊತ್ತಿತ್ತು. 93 ಮ್ಯಾಚಲ್ಲಿ 26 ಹೋಮ್ ರನ್, .331ರ ಬ್ಯಾಟಿಂಗ್ ಆವರೇಜ್, ಅಂದ್ರೆ ಮೂರು ಸಲಕ್ಕೆ ಹೆಚ್ಚುಕಮ್ಮಿ ಒಂದು ಹಿಟ್. ಒಣಗಾಳಿಲಿ, ಸಮುದ್ರಮಟ್ಟದಿಂದ 2,400 ಅಡಿ ಮೇಲೆ, ಅವನು ಹೊಡೆದ ಬಾಲ್ ಎಷ್ಟು ಹೊತ್ತು ಗಾಳಿಲಿ ಇರ್ತಿತ್ತು ಅಂದ್ರೆ ಅದು ಬೀಳೋದನ್ನ ನೋಡೋಕೆ ನಾವು ಎದ್ದು ನಿಂತು ಬೇಲಿ ಕಡೆ ತಿರುಗೋಷ್ಟು ಟೈಮ್ ಸಿಗ್ತಿತ್ತು. ಜೂನ್‌ನಲ್ಲಿ ಅವನನ್ನ ಮೇಲೆ ಕರೆಸ್ಕೊಂಡ್ರು. ಮೈನರ್ ಲೀಗ್ ನೋಡೋರ ಕಷ್ಟ ಇದು, ಯಾರು ಚೆನ್ನಾಗಿ ಆಡ್ತಾರೋ ಅವರು ಹೋಗ್ತಾರೆ, ನಾವು ಅದಕ್ಕೆ ಖುಷಿನೂ ಪಡಬೇಕು. ಮೇಲೆ ಸರಿಯಾಗಿ ಆಡೋಕಾಗ್ದೆ ಜುಲೈನಲ್ಲಿ ವಾಪಸ್ ಕಳಿಸಿದ್ರು. ವಾಪಸ್ ಬಂದ್ಮೇಲೆ ನಾನು ನೋಡೋಕೆ ಹೋದ ದಿನ ಮಳೆ ಬಂದು ಆಟ ನಿಂತಿತ್ತು, ನಾವೆಲ್ಲ ಮೇಲ್ಛಾವಣಿ ಕೆಳಗೆ ಒತ್ತಿಕೊಂಡು ನಿಂತಿದ್ವಿ, ಒದ್ದೆ ಕ್ರಿಯೋಸೋಟ್ ಗಿಡದ ವಾಸನೆ ಪಾರ್ಕಿಂಗ್ ಕಡೆಯಿಂದ ಬರ್ತಿತ್ತು, ಈ ಮರುಭೂಮಿಲಿ ಮಳೆ ಅಂದ್ರೆ ಆ ವಾಸನೆನೇ. ಸ್ಪ್ಯಾನಿಷ್ ಮಾತಾಡೋ ಒಂದು ಕುಟುಂಬ, ಅಜ್ಜಿ, ಮಗಳು, ಮೂರು ಮೊಮ್ಮಕ್ಕಳು, ಮಳೆ ನಿಂತ ಮೇಲೂ ಮೈದಾನದ ಮೇಲೆ ಹಾಸಿದ ಟಾರ್ಪಾಲ್ ತೆಗೆಯೋವರೆಗೂ ಒಂದು ಗಂಟೆ ಮೇಲೆ ಕಾದ್ರು, ಚಿಕ್ಕ ಹುಡುಗ ನಿದ್ದೆ ಹೋಗಿದ್ದ. ಅಜ್ಜಿ ಮನೆಗೆ ಹೋಗೋಣ ಅನ್ಲಿಲ್ಲ. ರಿಜ್ಜೋ ಇನ್ನೊಮ್ಮೆ ಬ್ಯಾಟ್ ಮಾಡೋದನ್ನ ನೋಡೇ ಹೋಗೋದು ಅಂತ ಹಟ ಅವರದು. ಸಪೋರ್ಟ್ ಇಲ್ಲ ಅಂತಾರಲ್ಲ, ಅದನ್ನ ಕೇಳಿದಾಗ ನನ್ನ ಕಣ್ಣಮುಂದೆ ಬರೋದು ಆ ಅಜ್ಜಿ.

ಅತ್ತ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರ ತನ್ನ ಖಜಾನೆ ಕೊರತೆ ತುಂಬೋಕೆ ಊರೂರಿನ ಅಭಿವೃದ್ಧಿಗೆ ದುಡ್ಡು ಹಾಕ್ತಿದ್ದ ರೀಡೆವಲಪ್‌ಮೆಂಟ್ ಏಜೆನ್ಸಿಗಳನ್ನೇ ಮುಚ್ಚಿಬಿಡ್ತು. ಎಸ್ಕಾಂಡಿಡೋ ಸ್ಟೇಡಿಯಂಗೆ ದುಡ್ಡು ಬರಬೇಕಿದ್ದದ್ದು ಅಲ್ಲಿಂದಲೇ, ಯೋಜನೆ ಬಿದ್ದುಹೋಯ್ತು. 2012ರಲ್ಲಿ ಟೀಮನ್ನ ಟೆಕ್ಸಸ್‌ನ ಎಲ್ ಪಾಸೋದ ಹೂಡಿಕೆದಾರರು ಕೊಂಡ್ರು. ಎಲ್ ಪಾಸೋ ಕೂಡ ಮರುಭೂಮಿ, ಗಡಿ ಊರು, ಬಿಸಿಲೂ ನಮ್ಮಂಗೇ. ಆದ್ರೆ ಅವರು ಊರ ಮಧ್ಯೆ ಸ್ಟೇಡಿಯಂ ಕಟ್ಟೋಕೆ ತಮ್ಮ ಸಿಟಿ ಹಾಲ್‌ನೇ, ಹತ್ತು ಮಹಡಿ ಕಟ್ಟಡನ, 2013ರ ಏಪ್ರಿಲ್‌ನಲ್ಲಿ ಸಿಡಿಮದ್ದಿಟ್ಟು ಬೀಳಿಸಿದ್ರು. ಸರಿಯೋ ತಪ್ಪೋ ಅಂತ ಅಲ್ಲಿ ಈಗಲೂ ಜಗಳ ಇದೆ. ನನಗೆ ಆ ವಿಡಿಯೋ ನೋಡೋವಾಗ ಅನ್ನಿಸಿದ್ದು ಬೇರೆ: ಆ ಧೂಳು ಏಳ್ತಿರೋ ಹೊತ್ತಿಗೆ ಅದೇ ಟೀಮು ಇಲ್ಲಿ ಟೂಸಾನ್‌ನಲ್ಲಿ ಟೂಸಾನ್ ಅಂತ ಬರೆದ ಜರ್ಸಿ ಹಾಕ್ಕೊಂಡು ಆಡ್ತಾ ಇತ್ತು.

ಲೆಕ್ಕ ಹಾಕಿ ನೋಡಿ. ಟೀಮು ಬಂದಿದ್ದು ಪೋರ್ಟ್‌ಲ್ಯಾಂಡ್ ಫುಟ್ಬಾಲ್ ಬೇಕು ಅಂದಿದ್ದಕ್ಕೆ. ಉಳಿದಿದ್ದು ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಇಲ್ದಿದ್ದಕ್ಕೆ. ಹೋಗಿದ್ದು ಎಲ್ ಪಾಸೋ ಸಿಟಿ ಹಾಲ್ ಬೀಳಿಸೋಕೆ ತಯಾರಾಗಿದ್ದಕ್ಕೆ. ಇದರಲ್ಲಿ ಟೂಸಾನ್ ಜನರ ಕೈಯಲ್ಲಿ ಯಾವುದಿತ್ತು? 2013ರ ಆಗಸ್ಟ್‌ನಲ್ಲಿ ಕೊನೇ ಮ್ಯಾಚುಗಳಿಗೆ ಹೋದಾಗ ಅಂಗಡಿಲಿ ಟೋಪಿಗಳೆಲ್ಲ ಅರ್ಧ ಬೆಲೆಗೆ ಇಟ್ಟಿದ್ರು, ಗೇಟಲ್ಲಿ ಟಿಕೆಟ್ ಹರಿಯೋ ಹೆಂಗಸು ಬಂದೋರನ್ನೆಲ್ಲ ಗುರುತು ಹಿಡಿದು ಕೈ ಕುಲುಕ್ತಿದ್ರು. ಅವರಿಗೆ ಸೈಡ್‌ವೈಂಡರ್ಸ್ ಕಾಲದಿಂದ ಅದೇ ಗೇಟು, ಅದೇ ಸ್ಟೂಲು. ಮುಂದೇನು ಮಾಡ್ತೀರ ಅಂತ ಕೇಳಿದೆ. ಇಲ್ಲೇ ಇರ್ತೀನಿ, ಮತ್ಯಾರೋ ಬರ್ತಾರೆ ಅಂದ್ರು. ಸ್ಕೋರ್‌ಬುಕ್ಕಿನ ಹಿರಿಯರನ್ನ ಹುಡುಕಿದೆ, ಕಾಣಲಿಲ್ಲ.

ಐಸು, ಮತ್ತು ನಮ್ಮ ಟಸ್ಕರ್ಸ್

ಹಾಕಿ ಕಥೆನ ಬೇಗ ಹೇಳ್ತೀನಿ. ಮರುಭೂಮಿಲಿ ಐಸ್ ಹಾಕಿ ಅಂದ್ರೆ ನಗೋರೇ ಜಾಸ್ತಿ, ಆದ್ರೆ ಇಲ್ಲಿ 1970ರ ದಶಕದಿಂದಲೂ ಪ್ರಯತ್ನ ನಡೆದಿದೆ. 1975ರಲ್ಲಿ ಮ್ಯಾವರಿಕ್ಸ್, 1978ರಲ್ಲಿ ರಸ್ಲರ್ಸ್, ಎರಡಕ್ಕೂ ಒಂದೊಂದೇ ಸೀಸನ್ ಆಯುಸ್ಸು. 1997ರಲ್ಲಿ ಗೀಲಾ ಮಾನ್‌ಸ್ಟರ್ಸ್ ಬಂತು, ಇಲ್ಲಿನ ವಿಷದ ಹಲ್ಲಿ ಹೆಸರು, ಎರಡನೇ ಸೀಸನ್ ಮುಗಿಯೋ ಮೊದಲೇ ಮುಚ್ಚಿತು. 2000ದಲ್ಲಿ ಸ್ಕಾರ್ಚ್ ಅಂತ ಒಂದು, ಅದು ಒಂದು ಸೀಸನ್ನೂ ದಾಟಲಿಲ್ಲ. ಬಹುತೇಕ ಎಲ್ಲವೂ ಊರ ಮಧ್ಯೆ ಇರೋ ಕನ್ವೆನ್ಷನ್ ಸೆಂಟರ್‌ನಲ್ಲಿ, 1971ರ ಕಟ್ಟಡ. ಆದ್ರೆ ಇಷ್ಟರ ಮಧ್ಯೆ ಯೂನಿವರ್ಸಿಟಿ ಹುಡುಗರ ಹಾಕಿ ಕ್ಲಬ್ಬು ಅದೇ ಐಸ್ ಮೇಲೆ ದಶಕಗಳ ಕಾಲ ಸಾವಿರಾರು ಜನರ ಮುಂದೆ ಆಡಿತು ಅನ್ನೋದನ್ನ ಯಾರೂ ಹೇಳಲ್ಲ. 2016ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಿಂದ ಟೀಮೊಂದನ್ನ ತಂದು ರೋಡ್‌ರನ್ನರ್ಸ್ ಅಂತ ಹೆಸರಿಟ್ರು. ಅದರ ಮೇಲಿನ ಕ್ಲಬ್ಬು, ಫೀನಿಕ್ಸ್ ಕಡೆಯ ಅರಿಜೋನಾ ಕಯೋಟೀಸ್, 2024ರಲ್ಲಿ ರಾಜ್ಯ ಬಿಟ್ಟು ಸಾಲ್ಟ್ ಲೇಕ್ ಸಿಟಿಗೆ ಹೋಯ್ತು. ಆಮೇಲೂ ರೋಡ್‌ರನ್ನರ್ಸ್ ಟೂಸಾನ್‌ನಲ್ಲೇ ಆಡಿತು. ದೊಡ್ಡೂರಿನ ಟೀಮು ಹೋಗಿ ಸಣ್ಣೂರಿನದು ಉಳೀತು. ಫೀನಿಕ್ಸ್ ಗೆಳೆಯನಿಗೆ ಇದನ್ನ ಅವತ್ತೇ ಫೋನ್ ಮಾಡಿ ಹೇಳಿದೆ, ಅವನು ಬೇರೆ ಮಾತು ತೆಗೆದ.

ನಮ್ಮೂರಿಗೂ ಇಂಥದ್ದೊಂದು ಟೀಮಿತ್ತು, ಕರ್ನಾಟಕದ ಕ್ರಿಕೆಟ್ ಲೀಗು ಕೆಪಿಎಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್. ಮ್ಯಾಚುಗಳು ನಡೀತಿದ್ದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಇಂಥ ಕಡೆ. 2019ರ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ಮೇಲೆ ಎಂಟು ರನ್‌ನಲ್ಲಿ ಸೋತ್ರು, ಅಪ್ಪ ಟಿವಿ ಮುಂದೆ ಕೂತ್ಕೊಂಡು ನನಗೆ ಫೋನಲ್ಲಿ ಒಂದೊಂದು ಓವರ್ ಕಾಮೆಂಟ್ರಿ ಕೊಟ್ಟಿದ್ರು. ಆಮೇಲೆ ಬೆಟ್ಟಿಂಗ್ ಕೇಸು, ಬಂಧನ, ಲೀಗೇ ನಿಂತ್ಹೋಯ್ತು. 2022ರಲ್ಲಿ ಮಹಾರಾಜ ಟ್ರೋಫಿ ಅಂತ ಹೊಸದಾಗಿ ಶುರುವಾದಾಗ ಬಳ್ಳಾರಿ ಹೆಸರಿರಲಿಲ್ಲ. "ನಮ್ದು ಎಲ್ಲಿ ಹೋಯ್ತಪ್ಪಾ?" ಅಂತ ಅಪ್ಪ ಕೇಳಿದ್ರು. ಒಮ್ಮೆಯೂ ನಮ್ಮೂರ ಮೈದಾನದಲ್ಲಿ ಆಡೋದನ್ನ ನೋಡದ ಟೀಮಿಗೆ 'ನಮ್ದು' ಅಂದ್ರು. ಅಪ್ಪನಿಗೆ ಉತ್ತರ ಹೇಳೋವಾಗ ನನಗೆ ಟೂಸಾನ್‌ನ ಗೇಟಲ್ಲಿ ಕೂತಿದ್ದ ಆ ಹೆಂಗಸಿನ ಮುಖ ಎದುರಿಗೆ ಬಂದಂಗಾಯ್ತು.

ಇದ್ದೂರಲ್ಲೇ ಹುಟ್ಟಿದ ಟೀಮುಗಳ ಕಥೆ ಬೇರೆ, ಅದನ್ನೂ ಹೇಳ್ಬೇಕು. ಎಫ್‌ಸಿ ಟೂಸಾನ್ ಅಂತ ಫುಟ್ಬಾಲ್ ಕ್ಲಬ್ಬು 2010ರಲ್ಲಿ ಇಲ್ಲಿನೋರೇ ಶುರು ಮಾಡಿದ್ದು. ಬೇಸ್‌ಬಾಲ್ ಟೀಮುಗಳು ಬಿಟ್ಟುಹೋದ ಅದೇ ಕಿನೊ ಕಾಂಪ್ಲೆಕ್ಸ್‌ನಲ್ಲಿ ಪ್ರಾಕ್ಟೀಸ್ ಮೈದಾನವೊಂದನ್ನ ಫುಟ್ಬಾಲ್ ಸ್ಟೇಡಿಯಂ ಮಾಡಿದ್ರು. 2019ರಲ್ಲಿ ಪ್ರೊಫೆಷನಲ್ ಲೀಗಿಗೆ ಏರಿದ್ರು, 2022ರ ನಂತರ ಮತ್ತೆ ಕೆಳಗಿನ ಲೀಗಿಗೆ ಇಳಿದ್ರು.  ಇವರು ಚಿಕ್ಕದಾಗಿ ಉಳ್ಕೊಂಡ್ರು, ಹಾಗಾಗಿ ಇವತ್ತೂ ಇದಾರೆ. ಟೀಮು ಕೆಳಗಿಳಿಯೋದು ಅವಮಾನ ಅಂತ ಅಮೆರಿಕಾದಲ್ಲಿ ನೋಡ್ತಾರೆ, ನನಗೆ ಅದೇ ಅತೀ ಗಟ್ಟಿ ಕೆಲಸ ಅನ್ಸತ್ತೆ.

ನವೊಹೋವಾದಿಂದ ಬಂದದ್ದು

ಈಗ ಇನ್ನೊಂದು ಬಂದಿದೆ. ಮೆಕ್ಸಿಕೋದ ಪೆಸಿಫಿಕ್ ಲೀಗಿಗೂ ಟೂಸಾನ್‌ಗೂ ನಂಟು ಹಳೇದು, 2011ರಿಂದ ಆ ಲೀಗಿನ ಟೀಮುಗಳು ಸೀಸನ್ ಮುಂಚೆ ಬಂದು ಇಲ್ಲಿ ಮೆಕ್ಸಿಕನ್ ಬೇಸ್‌ಬಾಲ್ ಫಿಯೆಸ್ಟಾ ಆಡ್ತಾವೆ. 2025ರಲ್ಲಿ ಅದರ ಒಂದು ಟೀಮೇ, ಸೊನೋರಾ ರಾಜ್ಯದ ದಕ್ಷಿಣದಲ್ಲಿರೋ ನವೊಹೋವಾ ಊರಿನ ಮಾಯೋಸ್, ಟೂಸಾನ್‌ಗೆ ಬಂತು. ಸೀಸನ್ ಶುರುವಾಗೋದು ಅಕ್ಟೋಬರ್‌ನಲ್ಲಿ! ಬಿಸಿಲು ಇಳಿದಿರತ್ತೆ, ಹುಡುಗರು ಕಾಲೇಜಲ್ಲಿ ಇರ್ತಾರೆ, ಉತ್ತರದ ಹಿರಿಯರು ಬರೋಕೆ ಶುರು ಮಾಡಿರ್ತಾರೆ, ಊರಿನ ದಕ್ಷಿಣಕ್ಕಿರೋ ಸ್ಟೇಡಿಯಂ ಸುತ್ತ ಇರೋ ಮೆಕ್ಸಿಕನ್ ಕುಟುಂಬಗ‍ಳಿಗೆ ಇದು ಅಜ್ಜನ ಕಾಲದಿಂದ ಗೊತ್ತಿರೋ ಲೀಗು. ಕೊನೆಗೂ ಆಟದ ಕ್ಯಾಲೆಂಡರ್ರೂ ಊರಿನ ಕ್ಯಾಲೆಂಡರ್ರೂ ಒಂದಾಗಿದೆ. ಜನ ಬರಲ್ಲ ಅನ್ನೋ ಮಾತನ್ನ ಪರೀಕ್ಷೆ ಮಾಡೋದಿದ್ರೆ ಹೀಗೆ ಮಾಡಬೇಕಿತ್ತು.

ಖುಷಿಯಿಂದಲೇ ಹೋದೆ. ನನ್ನ ಮುಂದಿನ ಸಾಲಲ್ಲಿ ನಲವತ್ತರ ಆಸುಪಾಸಿನ ಒಬ್ರು ಕೂತಿದ್ರು, ತಲೆ ಮೇಲೆ ಮಾಯೋಸ್‌ನ ಹಳೇ ಟೋಪಿ, ಬೆವರಿನ ಕಲೆ ಬಿದ್ದು ಬಣ್ಣ ಹೋಗಿತ್ತು. ನವೊಹೋವಾದೋರೇ, ಇಲ್ಲಿ ಕಟ್ಟಡದ ಕೆಲಸ ಮಾಡ್ತಾರೆ. ಟೀಮು ಇಲ್ಲಿಗೆ ಬಂದಿದ್ದು ನಿಮಗೆ ಒಳ್ಳೇದಾಯ್ತಲ್ಲ ಅಂದೆ. ಅವರು ಹೌದು ಅಂದು, ಸ್ವಲ್ಪ ಹೊತ್ತು ಬಿಟ್ಟು, ಅಪ್ಪ ಊರಲ್ಲೇ ಇದಾರೆ, ಟಿವಿಲೂ ನೋಡಲ್ಲ ಅಂತಾರೆ ಅಂದ್ರು. 1959ರಿಂದ ಇದ್ದ ಟೀಮಂತೆ.

ನಾನು ಅವರಿಗೆ ಸೈಡ್‌ವೈಂಡರ್ಸ್ ಬಗ್ಗೆ ಹೇಳಿದೆ, 2013ರ ಆಗಸ್ಟ್ ಬಗ್ಗೆ ಹೇಳಿದೆ, ಎಲ್ ಪಾಸೋದೋರ ಮೇಲೆ ನನಗೆಷ್ಟು ಸಿಟ್ಟಿತ್ತು ಅನ್ನೋದನ್ನೂ ಹೇಳಿದೆ. ಈಗ ನಾವೇ ಎಲ್ ಪಾಸೋ ಆಗಿದೀವಿ ಅಲ್ವಾ ಅಂತ ಕೇಳಿದೆ. ಅವರು ಅದಕ್ಕೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನವೊಹೋವಾದ ಸ್ಟೇಡಿಯಂನಲ್ಲಿ ಅವರಪ್ಪ ಯಾವ ಗೇಟಿಂದ ಒಳಗೆ ಹೋಗ್ತಿದ್ರು, ಯಾವ ಸಾಲಲ್ಲಿ ಕೂರ್ತಿದ್ರು, ಎಂಟು ವರ್ಷದವರಿದ್ದಾಗ ತಾವು ಹಿಡಿದ ಫೌಲ್ ಬಾಲ್ ಈಗ ಯಾರ ಮನೆಲಿದೆ, ಎಲ್ಲ ಹೇಳೋಕೆ ಶುರು ಮಾಡಿದ್ರು. ಅವರ ಇಂಗ್ಲಿಷ್, ನನ್ನ ಅರ್ಧಂಬರ್ಧ ಸ್ಪ್ಯಾನಿಷ್, ಆದ್ರೂ ಎಲ್ಲ ಅರ್ಥ ಆಯ್ತು. ಒಂಬತ್ತನೇ ಇನ್ನಿಂಗ್ಸ್ ಬಂದ್ರೂ ಮಾತು ಮುಗಿದಿರಲಿಲ್ಲ, ಮುಂದಿನ ಶನಿವಾರ ಇದೇ ಸಾಲಿಗೆ ಟಿಕೆಟ್ ತಗೋಳ್ಳೋಣ ಅಂತ ಇಬ್ರೂ ಒಪ್ಪಿಕೊಂಡ್ವಿ.